ಆ ಕಡೆಯ ಬಳೆ ಸದ್ದು

"ಕೇಳ್ರಪ್ಪೋ ಕೇಳಿ! ಹಿರೇಗುಡ್ಡದ ದೊರೆ ವೀರಮಲ್ಲರ ಅಪ್ಪಣೆ! ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬಾಯಿಬಿಟ್ಟು ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ಸೆರೆಮನೆ, ಬರೋ ಅಮಾವಾಸ್ಯೆಗೆ ತಲೆ!"

ಡಂಗುರ ಕೇಳಿ ಯಾರೂ ನಗಲಿಲ್ಲ. ಪಾಪ, ದೊರೆಯ ಸಂಕಟ ಊರಿಗೆಲ್ಲ ಗೊತ್ತಿತ್ತು. ಮೂರು ವರ್ಷದ ಹಿಂದೆ ಅವನು ಗಡಿಯ ಪಾಳೆಯದಲ್ಲಿದ್ದಾಗ, ಕಾಯಿಲೆ ಬಿದ್ದ ರಾಣಿ ಅರಮನೆಯಿಂದ ಫೋನ್ ಮಾಡಿದ್ದಳು. ಮಾತಿನ ನಡುವೆ, "ಇಡಬೇಡಿ, ಒಂದು ಗುಟುಕು ನೀರು ಕುಡಿದು ಬಂದೆ" ಅಂದಳು. ಬರಲಿಲ್ಲ, ಅಲ್ಲೇ ಪ್ರಾಣ ಬಿಟ್ಟಿದ್ದಳು. ದೊರೆ ಫೋನ್ ಇಡಲೂ ಇಲ್ಲ. ರಾಣಿಯ ಫೋನು ಅವಳ ಕೋಣೆಯಲ್ಲಿ ಚಾರ್ಜರಿಗೆ ಸಿಕ್ಕಿಸಿದ ಹಾಗೇ ಇರಬೇಕು, ಆ ಕೋಣೆಗೆ ಯಾರೂ ಕಾಲಿಡಕೂಡದು ಅಂತ ಕಟ್ಟಪ್ಪಣೆ ಮಾಡಿದ.

ಆ ಕರೆ ಇವತ್ತಿಗೂ ಕಡಿದಿಲ್ಲ ನೋಡಿ. ದೊರೆ ಫೋನು ಕಿವಿಗಿಟ್ಟು "ಇದ್ದೀಯಾ?" ಅನ್ನುತ್ತಾನೆ. ಆ ಕಡೆಯಿಂದ ಎರಡು ಬಳೆ ತಾಗಿದ ಸದ್ದು ಬರುತ್ತದೆ. ಅದನ್ನು ಕೇಳಿದರೆ ಒಂದು ತುತ್ತು ಉಣ್ಣುತ್ತಾನೆ. ಒಬ್ಬಳೇ ಮಗಳು ಹೊನ್ನಾಂಬೆ ಮಾತ್ರ ಎದುರಿಗೇ ಬರುತ್ತಿರಲಿಲ್ಲ. ಅವಳಿಗೆ ನನ್ನ ಮುಖ ಕಂಡರಾಗದು ಅಂತ ದೊರೆ ಅಂದುಕೊಂಡಿದ್ದ. ಆಸ್ಥಾನದಲ್ಲಿ ಅವಳ ಪೀಠ ಖಾಲಿ ಬಿದ್ದಿತ್ತು.

ಮೊದಲು ಬಂದವನು ಒಬ್ಬ ಪಾಳೇಗಾರನ ಮಗ. ದೊರೆ ಕೇಳಿದ: "ಹೊಟ್ಟೆ ಉಬ್ಬಿದೆ, ಆದರೂ ಹಸಿವು. ಎಷ್ಟು ಉಣಿಸಿದರೂ ಗಳಿಗೆಯಲ್ಲಿ ಬರಿದು. ಯಾರದು?"

"ಬಸುರಿ ಹೆಂಗಸು!" ಅಂತ ಮೀಸೆ ತಿರುವಿದ ಪುಣ್ಯಾತ್ಮ. ಮೀಸೆ ಸಮೇತ ಸೆರೆಮನೆ ಸೇರಿದ.

ಆಮೇಲೆ ಬಂದವನು ಪೇಟೆಯಲ್ಲಿ ಫೋನ್ ರಿಪೇರಿ ಮಾಡುವ ಓಬಣ್ಣ. ಮೊದಲನೆಯದನ್ನು ಥಟ್ಟನೆ ಬಿಡಿಸಿದ. ದೊರೆ ಎರಡನೆಯದು ಕೇಳಿದ: "ಹಳೆಯದನ್ನು ತೆಗೆಯಬೇಕು, ಹೊಸದನ್ನು ಕೂರಿಸಬೇಕು, ನಡುವೆ ಅರೆಗಳಿಗೆಯೂ ಉಸಿರು ನಿಲ್ಲಬಾರದು. ಹೇಗೆ?"

"ಚಾರ್ಜರ್ ಸಿಕ್ಕಿಸಿಟ್ಟು ಬ್ಯಾಟರಿ ತೆಗೀತೀನಿ" ಅಂದ ಓಬಣ್ಣ. ಪರೀಕ್ಷೆಗೆಂದು ದೊರೆಯ ಫೋನಿನ ಜಾತಿಯದೇ ಇನ್ನೊಂದು ಫೋನು ಕೊಟ್ಟರು. ಬ್ಯಾಟರಿ ತೆಗೆದಿದ್ದೇ ತಡ, ಚಾರ್ಜರ್ ಇದ್ದರೂ ಫೋನು ಆರಿತು. ಅವನನ್ನೂ ಎಳೆದುಕೊಂಡು ಹೋದರು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಓಬಣ್ಣನ ತಮ್ಮ ದುರುಗ ಬಂದ. ಊರಲ್ಲಿ ಯಾರು ಸತ್ತರೂ ಚಟ್ಟಕ್ಕೆ ಹೆಗಲು ಕೊಡುವುದು ಅವನ ಕೆಲಸ, ಬಿಡುವಿದ್ದಾಗ ಅಣ್ಣನ ಅಂಗಡಿಯಲ್ಲಿ ಕೈಕೆಲಸ. ಹೆಣ ಹೊರುವವನು ಅಂತ ಆಸ್ಥಾನದವರು ಮೂಗು ಮುಚ್ಚಿಕೊಂಡರು. ನಾಚಿಕೆಗೆಟ್ಟವರು, ನಾಳೆ ಅವನ ಹೆಗಲೇ ಬೇಕಲ್ಲ ಅವರಿಗೂ!

ಮೊದಲ ಒಗಟು ಕೇಳಿ ದುರುಗ ಅಂದ: "ಅದು ನಿಮ್ಮ ಕೈಯಲ್ಲೇ ಇದೆ ಬುದ್ಧಿ. ಫೋನಿನ ಬೆನ್ನು ಉಬ್ಬಿದೆ ನೋಡಿ. ಒಳಗಿನ ಹಳೇ ಬ್ಯಾಟರಿ."

"ಎರಡನೆಯದು?"

"ಚಟ್ಟ ಹೊರುವಾಗ ಒಬ್ಬನಿಗೆ ಸುಸ್ತಾದರೆ, ಅವನು ಬಿಟ್ಟ ಮೇಲೆ ಇನ್ನೊಬ್ಬ ಬರೋದಲ್ಲ ಬುದ್ಧಿ. ಹೊಸಬ ಮೊದಲು ಹೆಗಲು ಕೊಡಬೇಕು. ನಾಲ್ಕು ಹೆಜ್ಜೆ ಇಬ್ಬರೂ ಹೊರಬೇಕು. ಆಮೇಲೆ ಹಳಬ ಸರೀಬೇಕು. ನಮ್ಮಣ್ಣ ತೆಗೆದು ಹಾಕೋಕೆ ಹೋದ. ಹಾಕಿ ತೆಗೀಬೇಕಿತ್ತು."

ಹೊಸ ಬ್ಯಾಟರಿಗೆ ಎರಡು ಸಣ್ಣ ತಂತಿ ಅಂಟಿಸಿದ. ಪರೀಕ್ಷೆಯ ಫೋನು ಆರಲಿಲ್ಲ. ಆಗ ದೊರೆ ತನ್ನ ಫೋನು ಕೊಟ್ಟ. ಸ್ಪೀಕರ್ ಆನ್ ಇತ್ತು. ದುರುಗ ಹಳೆಯದು ಒಳಗಿರುವಾಗಲೇ ತಂತಿಗಳ ತುದಿಯನ್ನು ಫೋನಿನೊಳಗೆ ಬ್ಯಾಟರಿ ತಾಗುವ ಎರಡು ಮುಳ್ಳುಗಳಿಗೆ ತಾಗಿಸಿ ಹಿಡಿದ. "ಈಗ ಹಳೆಯದನ್ನು ತೆಗೀತೀನಿ ಬುದ್ಧಿ" ಅಂದ. ಆ ಕಡೆಯಿಂದ ಯಾರೋ ಗಕ್ಕನೆ ಉಸಿರು ಹಿಡಿದದ್ದು ಕೇಳಿಸಿತು. ಹಳೆಯದು ಬಂತು, ಹೊಸದು ಕೂತಿತು, ತಂತಿಗಳು ಹೊರಗೆ ಬಂದವು. ಫೋನು ಬೆಳಗುತ್ತಲೇ ಇತ್ತು. ಆ ಕಡೆ ಹಿಡಿದಿದ್ದ ಉಸಿರು ಮೆಲ್ಲಗೆ ಹೊರಬಿತ್ತು.

ದೊರೆ ಕಣ್ಣೊರೆಸಿಕೊಂಡು ಮೂರನೆಯದು ಕೇಳಿದ: "ಆ ಕಡೆ ಬಳೆ ಆಡುತ್ತದಲ್ಲ, ಅದು ಯಾರ ಕೈ?"

ರಾಣಿಯದು ಅಂದುಬಿಟ್ಟರೆ ಅಣ್ಣ ಬದುಕುತ್ತಾನೆ, ತಾನೂ ಬದುಕಬಹುದು. ದುರುಗನಿಗೆ ಅದು ಗೊತ್ತಿತ್ತು. ಖಾಲಿ ಪೀಠದ ಕಡೆ ನೋಡಿದ.

"ಸತ್ತವರಿಗೆ ಕರೆ ಕಡಿದೀತು ಅನ್ನೋ ಭಯ ಇರೋದಿಲ್ಲ ಬುದ್ಧಿ. ಅಲ್ಲಿ ಉಸಿರು ಹಿಡಿದದ್ದು ಜೀವ ಇರೋರು. ನಿಮ್ಮ ಅಪ್ಪಣೆ ಮೀರಿ ಆ ಕೋಣೆಗೆ ಹೋಗೋ ಧೈರ್ಯ ಒಬ್ಬರಿಗೇ ಇರೋದು. ಅದು ನಿಮ್ಮ ಮಗಳ ಕೈ."

ದೊರೆ ಸೊಂಟದ ಕತ್ತಿಗೆ ಕೈ ಹಾಕಿದ.

"ಕಡೀರಿ ಬುದ್ಧಿ. ಆದರೆ ನಾವು ಎಷ್ಟು ದೂರ ಹೊತ್ತರೂ ಕೊನೆಗೆ ಇಳಿಸ್ತೀವಿ. ಆ ಕೂಸು ಮೂರು ವರ್ಷದಿಂದ ಒಂದೇ ಹೆಗಲಲ್ಲಿ ಹೊತ್ತಿದೆ. ಈಗ ನೀವು ಹೆಗಲು ಕೊಡಿ."

ದೊರೆ ಫೋನು ಎತ್ತಿಕೊಂಡ. ಮೂರು ವರ್ಷದಲ್ಲಿ ಮೊದಲ ಸಲ ಬೇರೆ ಮಾತು ಕೇಳಿದ. "ಮಗಾ... ನೀನೇನಾ?"

ಬಳೆ ಆಡಲಿಲ್ಲ. "ಹೂಂ ಅಪ್ಪಾಜಿ" ಅಂತ ದನಿ ಬಂತು.

"ಯಾವಾಗಿಂದ?"

"ಮೊದಲನೇ ವಾರದಿಂದ. ಅಳೋಕೆ ಅಂತ ಬಂದಿದ್ದೆ. ನೀವು ಇದ್ದೀಯಾ ಅಂದಿರಿ. ಇಲ್ಲ ಅನ್ನೋಕೆ ಆಗಲಿಲ್ಲ. ಅಮ್ಮನ ಬಳೆ ಆಡಿಸಿದೆ. ಅವತ್ತು ನೀವು ಊಟ ಮಾಡಿದಿರಂತೆ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

ದೊರೆ ಮಗುವಿನ ಹಾಗೆ ಬಿಕ್ಕಿದ. ರಾಣಿ ಸತ್ತದ್ದು ಅವನ ಪಾಲಿಗೆ ಈ ಗಳಿಗೆಯಲ್ಲೇ. "ನೀನು ಉಂಡ್ಯಾ ಮಗಾ?" ಅಂದ.

"ಇಲ್ಲ ಅಪ್ಪಾಜಿ."

"ಇಡ್ತೀನಿ. ಅಲ್ಲಿಗೇ ಬರ್ತೀನಿ."

ಕೆಂಪು ಗುಂಡಿ ತಾನೇ ಒತ್ತಿದ. ಬಾಗಿಲ ಹತ್ತಿರ ನಿಂತು, "ನಿನಗೇನು ಬೇಕಪ್ಪಾ?" ಅಂತ ದುರುಗನನ್ನು ಕೇಳಿದ.

"ನಮ್ಮಣ್ಣನ ತಲೆ ಬುದ್ಧಿ. ಜೊತೆಗಿರೋರದ್ದೂ."

ಎಲ್ಲರನ್ನೂ ಬಿಟ್ಟರು. ಮರುದಿನ ರಾಣಿಯ ಬಳೆಗಳನ್ನು ಹೊಳೆಗೆ ಬಿಡಲು ದೊರೆ ಮಗಳ ಜೊತೆ ನಡೆದೇ ಹೋದ, ದುರುಗನನ್ನೂ ಕರೆದ. ಬಳೆಯ ಗಂಟನ್ನು ಹೊನ್ನಾಂಬೆ ಹಿಡಿದಿದ್ದಳು. ಅರ್ಧ ದಾರಿಯಲ್ಲಿ ದೊರೆ ಅದರ ಕೆಳಗೆ ಕೈ ಕೊಟ್ಟ. ನಾಲ್ಕು ಹೆಜ್ಜೆ ಇಬ್ಬರೂ ಹಿಡಿದು ನಡೆದರು. ಆಮೇಲೆ ಅವಳು ಕೈ ಬಿಟ್ಟಳು.