ಬಾಲದ ಒಂದು ಕೂದಲು

ಮಕ್ಕಳೇ, ಒಂದು ಕಾಡಿನ ಅಂಚಿನಲ್ಲಿ ದೊಡ್ಡ ಬಯಲಿತ್ತು. ಬಯಲು ಮುಗಿಯುವಲ್ಲಿ ಜೊಂಡು ಬೆಳೆದ ಕೆರೆ. ಜೊಂಡಿನ ಕೆಳಗೆ ಹುದುಲು. ಹುದುಲು ಎಂದರೆ ನೋಡಲು ನೆಲ, ಕಾಲಿಟ್ಟರೆ ನೆಲವಲ್ಲ. ಅದರೊಳಗೆ ಹೋದವರು ಯಾರೂ ವಾಪಸು ಬಂದು ದೂರು ಹೇಳಿರಲಿಲ್ಲ.

ಆ ಬಯಲಿನಲ್ಲಿ ಧೂಳಪ್ಪ ಎಂಬ ಕುದುರೆಯಿದ್ದ. ತಾಯಿ ಇಟ್ಟ ಹೆಸರು ಬೇರೆಯಿತ್ತಂತೆ. ಆದರೆ ಕಾಡಿನವರು ಅವನನ್ನು ಸರಿಯಾಗಿ ನೋಡಿದ್ದೇ ಇಲ್ಲ, ಅವನು ಹೋದ ಮೇಲೆ ಏಳುವ ಧೂಳನ್ನಷ್ಟೇ ನೋಡಿದ್ದರು. ಓಡುವುದು ತನ್ನ ಕೆಲಸ, ನಿಲ್ಲಿಸುವುದು ಎದುರಿಗೆ ಸಿಕ್ಕ ಮರದ ಕೆಲಸ ಎಂದು ಅವನು ನಂಬಿದ್ದ. ಮರಗಳೂ ತಮ್ಮ ಕೈಲಾದದ್ದನ್ನು ಮಾಡುತ್ತಿದ್ದವು.

ಮುಂದೆ ಎಲ್ಲಾದರೂ ಗೊರಸಿನ ಸದ್ದು ಕೇಳಿದರೆ ಮುಗಿಯಿತು. ಅದನ್ನು ಹಿಂದೆ ಹಾಕುವ ತನಕ ಧೂಳಪ್ಪನಿಗೆ ಬೇರೇನೂ ಕಾಣುತ್ತಿರಲಿಲ್ಲ.

ಚಳಿಗಾಲ ಹೋಗುವ ಮುಂಚೆ ಒಂದಷ್ಟು ದಿನ ಆ ಬಯಲಿಗೆ ದಟ್ಟ ಮಂಜು ಬೀಳುತ್ತದೆ. ಬಹಳ ಹಿಂದೆ ಅಂಥದೇ ಮಂಜಿನಲ್ಲಿ ಕುದುರೆಗಳ ಹಿಂಡೊಂದು, ಒಂದನ್ನೊಂದು ಹಿಂದೆ ಹಾಕುತ್ತಾ, ಜೊಂಡಿನೊಳಗೆ ಹೋಗಿತ್ತು. ಕುದುರೆಗಳು ಹೋದವು, ಸದ್ದು ಉಳಿಯಿತು. ಮಂಜು ಬಿದ್ದ ಬೆಳಿಗ್ಗೆ ಅದು ಬಯಲಿನ ಆ ತುದಿಯಿಂದ ಹೊರಟು ಜೊಂಡಿನಲ್ಲಿ ಮುಗಿಯುತ್ತಿತ್ತು. ಕಾಡಿನವರು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಸದ್ದು ತೀರಾ ಹತ್ತಿರ ಬಂದರೆ "ಈ ಸಲ ಚಳಿ ಜಾಸ್ತಿ" ಎನ್ನುತ್ತಿದ್ದರು.

ಹಿಂದಿನ ವರ್ಷ ಧೂಳಪ್ಪ ಆ ಸದ್ದಿನ ಬೆನ್ನು ಹತ್ತಿದ್ದ. ಜೊಂಡಿನ ಪಕ್ಕದ ಜಾಲಿಮರವೊಂದು ಅವನನ್ನು ತಡೆಯಿತು. ಆ ಮರ ಈಗಿಲ್ಲ. ದಾರಿಯಲ್ಲಿ ಕೆಂಚಕ್ಕನ ಮೊಟ್ಟೆಗಳಿದ್ದವು. ಅವೂ ಈಗಿಲ್ಲ.

ಕೆಂಚಕ್ಕ ಟಿಟ್ಟಿಭ ಹಕ್ಕಿ. ಟಿಟ್ಟಿಭಗಳು ಬಯಲಿನ ಕಲ್ಲುಗಳ ನಡುವೆ, ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಮರದ ಮೇಲೆ ಇಡಬಾರದೇ ಎಂದು ಕೇಳಿದರೆ "ನಮ್ಮಲ್ಲಿ ಹಾಗೆಲ್ಲ ಇಲ್ಲ" ಎನ್ನುತ್ತವೆ. ಒಡೆದ ಚಿಪ್ಪುಗಳ ಮೇಲೆ ಅವಳು ಸಂಜೆಯವರೆಗೂ ಕಾವು ಕೂತಿದ್ದನ್ನು ಧೂಳಪ್ಪ ದೂರದಿಂದ ನೋಡಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಈ ವರ್ಷವೂ ಕೆಂಚಕ್ಕ ಅಲ್ಲೇ ಮೊಟ್ಟೆಯಿಟ್ಟಳು. ಇಟ್ಟವಳೇ ಕಾಡಿನ ಹಿರಿಯನಾದ ಕರಡಿ ಬೋಳಣ್ಣನ ಹತ್ತಿರ ಹೋದಳು.

"ಬೋಳಣ್ಣ, ಮಂಜು ಬೀಳುವುದರೊಳಗೆ ಈ ಧೂಳಪ್ಪನಿಗೆ ನಿಲ್ಲುವುದನ್ನು ಕಲಿಸಿ."

"ಅದೇನು ಮಹಾ! ಕುತ್ತಿಗೆಗೆ ಆಲದ ಬಿಳಲು ಬಿಗಿದು ಎಳೆದರಾಯಿತು" ಎಂದ ಬೋಳಣ್ಣ.

ಬಿಳಲು ಬಿಗಿದರು. ಒಂದು ತುದಿಗೆ ಧೂಳಪ್ಪ, ಇನ್ನೊಂದು ತುದಿಗೆ ಬೋಳಣ್ಣ ಮತ್ತು ಅವನ ತಮ್ಮ. ಅವರು ಎಳೆದರು. ಇವನು ಇನ್ನೂ ಜೋರಾಗಿ ಎಳೆದ. ಬಯಲಿನ ಉದ್ದಕ್ಕೂ ಮೂವರೂ ಜೊತೆಯಾಗಿಯೇ ಹೋದರು. ಅವರಲ್ಲಿ ಇಬ್ಬರು ಹೊಟ್ಟೆಯ ಮೇಲೆ ಹೋದರು.

"ಯಾಕೋ ನಿಲ್ಲಲಿಲ್ಲ?" ಬೋಳಣ್ಣ ಬಾಯಿಂದ ಮಣ್ಣು ಉಗುಳುತ್ತಾ ಕೇಳಿದ.

"ನೀವು ಎಳೆದಿರಲ್ಲ ಬೋಳಣ್ಣ, ಅದಕ್ಕೆ ನಾನೂ ಎಳೆದೆ" ಎಂದ ಧೂಳಪ್ಪ. ಅವನಿಗೆ ನಿಜಕ್ಕೂ ಬೇಸರವಾಗಿತ್ತು.

"ಇವನು ಈ ಬಯಲು ಬಿಟ್ಟು ಹೋಗಲಿ" ಎಂದ ಬೋಳಣ್ಣ.

"ಹೋಗುವಾಗಲೂ ಓಡಿಯೇ ಹೋಗುತ್ತಾನೆ, ನನ್ನ ಮೊಟ್ಟೆಗಳ ಮೇಲೆ" ಎಂದಳು ಕೆಂಚಕ್ಕ. "ಎಳೆದರೆ ಎಳೆಯುತ್ತಾನೆ ಅಂತಾದರೆ ಎಳೆಯುವುದೇ ಬೇಡ. ಏ ಧೂಳಪ್ಪ, ಬಾಲ ಈ ಕಡೆ ಮಾಡು."

ಅವಳು ಅವನ ಬಾಲದಿಂದ ಉದ್ದನೆಯ ಒಂದೇ ಒಂದು ಕೂದಲು ಕಿತ್ತಳು.

ಅಂದಿನಿಂದ ಪಾಠ. ಗಂಡನನ್ನು ಮೊಟ್ಟೆಗಳ ಮೇಲೆ ಕೂರಿಸಿ ಕೆಂಚಕ್ಕ ಆಲದ ಮರದ ಹತ್ತಿರ ಬರುತ್ತಿದ್ದಳು. ಕೂದಲಿನ ಒಂದು ತುದಿ ಧೂಳಪ್ಪನ ತುಟಿಯಲ್ಲಿ, ಇನ್ನೊಂದು ಅವಳ ಕೊಕ್ಕಿನಲ್ಲಿ. ಅವಳು ಮುಂದೆ, ಅವನು ಹಿಂದೆ. ಅವನು ನುಗ್ಗಿದರೆ ಕೂದಲು ಜಾರಿ ಬೀಳುತ್ತಿತ್ತು. ಬಿದ್ದರೆ ಮತ್ತೆ ಮರದ ಬುಡದಿಂದ ಶುರು. ಧೂಳಪ್ಪನಿಗೆ ಆ ಮರದ ಬುಡ ಬಾಯಿಪಾಠವಾಯಿತು. ಕೊಕ್ಕು ತುಂಬಿರುತ್ತಿದ್ದುದರಿಂದ ಕೆಂಚಕ್ಕ ಕೂಗುವಂತಿರಲಿಲ್ಲ. ಇಡೀ ಕಾಡಿಗೆ ಅದೊಂದು ನೆಮ್ಮದಿ.

ಕ್ರಮೇಣ ಅವನಿಗೆ ತಿಳಿಯತೊಡಗಿತು. ಕೂದಲು ಒಂಚೂರು ಬಿಗಿಯಾದರೆ ಉಸಿರು ಬಿಡಬೇಕು. ಉಸಿರು ಬಿಟ್ಟರೆ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ. ಹೆಜ್ಜೆ ಚಿಕ್ಕದಾದ ಕೂಡಲೇ ಅವಳು ಸಡಿಲ ಬಿಡುತ್ತಾಳೆ. ತಿರುಗಬೇಕಾದರೆ ಮೊದಲು ಕಿವಿ, ಆಮೇಲೆ ಕುತ್ತಿಗೆ, ಆಮೇಲೆ ಭುಜ. ಇಷ್ಟು ದಿನ ಅವನು ಕಾಲನ್ನು ಮೊದಲು ಕಳಿಸಿ ಉಳಿದ ದೇಹವನ್ನು ಹಿಂದಿನಿಂದ ತರಿಸಿಕೊಳ್ಳುತ್ತಿದ್ದ.

ಪಾಠ ಮುಗಿದ ಮೇಲೆ ಕೂದಲನ್ನು ಆಲದ ಬಿಳಲಿಗೆ ನೇತುಹಾಕಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮಂಜು ಬಿತ್ತು. ಧೂಳಪ್ಪನಿಗೆ ತನ್ನ ಕಾಲೇ ಕಾಣಲಿಲ್ಲ. ತಡಕಾಡಿ ಆಲದ ಬುಡಕ್ಕೆ ಬಂದು ಕೂದಲಿನ ತುದಿಯನ್ನು ತುಟಿಗೆ ಸಿಕ್ಕಿಸಿಕೊಂಡ. ಸ್ವಲ್ಪ ಹೊತ್ತಿಗೆ ಆಚೆ ತುದಿ ಎಂದಿನಂತೆ ಮೆಲ್ಲಗೆ ಬಿಗಿಯಾಯಿತು. ಕೆಂಚಕ್ಕ ಬಂದಳು ಎಂದುಕೊಂಡು ಹೊರಟ. ಅವಳು ಮಾತಾಡಲಿಲ್ಲ. ಪಾಠದ ಹೊತ್ತಿನಲ್ಲಿ ಅವಳು ಮಾತಾಡುತ್ತಲೇ ಇರಲಿಲ್ಲವಲ್ಲ.

ಬಯಲಿನ ನಡುವೆ ಬಂದಾಗ ಗೊರಸಿನ ಸದ್ದು ಕೇಳಿತು.

ಮೊದಲು ದೂರದಲ್ಲಿ, ಆಮೇಲೆ ಬಲಕ್ಕೆ, ಎಡಕ್ಕೆ, ಆಮೇಲೆ ಮುಂದೆ. ಮೈಗೆ ಮೈ ತಾಗುವಷ್ಟು ಹತ್ತಿರ ಏನೋ ಹಾದುಹೋಯಿತು. ಒದ್ದೆ ಕೂದಲಿನ, ಕೆಸರಿನ ವಾಸನೆ. ಗಾಳಿ ಮಾತ್ರ ಅಲುಗಲಿಲ್ಲ. ಧೂಳಪ್ಪನ ಎದೆ ಉಬ್ಬಿತು. ಕಾಲುಗಳು ಅವನನ್ನು ಕೇಳದೆ ಓಟಕ್ಕೆ ಬಿದ್ದವು. ಎಲ್ಲರಿಗಿಂತ ಮುಂದೆ ಹೋದ. ಇನ್ನೊಂದು ನೆಗೆತಕ್ಕೆ ಮೈ ಬಿಗಿದ.

ಆಗ ತುಟಿಯಲ್ಲಿ ಕೂದಲು ಒಂಚೂರು ಬಿಗಿಯಾಯಿತು. ಎಡಕ್ಕೆ.

ಅವನು ಉಸಿರು ಬಿಟ್ಟ. ಕಿವಿ ಎಡಕ್ಕೆ ಹೋಯಿತು, ಕುತ್ತಿಗೆ ಹೋಯಿತು, ಭುಜ ಹೋಯಿತು. ಸುತ್ತಿ ಬಂದು ಇನ್ನೂ ಒಂದಷ್ಟು ದೂರ ನಡೆದ. ಕೂದಲು ಮತ್ತೆ ಬಿಗಿಯಾಯಿತು. ನಿಂತ.

ಹಿಂದಿನ ಸದ್ದೂ ನಿಂತಿತು. ಎಲ್ಲವೂ ಒಟ್ಟಿಗೆ. ಅವನ ಎರಡೂ ಪಕ್ಕದಲ್ಲಿ ಬಹಳ ಜನ ಸುಮ್ಮನೆ ನಿಂತಿರುವಂತಿತ್ತು, ಮುಂದೇನು ಎಂದು ಕಾಯುವವರ ಹಾಗೆ. ಯಾರೂ ಉಸಿರಾಡುತ್ತಿರಲಿಲ್ಲ. ಧೂಳಪ್ಪ ಬಾಲವನ್ನೂ ಅಲುಗಿಸದೆ ನಿಂತ.

ಬಿಸಿಲು ಬಂತು, ಮಂಜು ಹರಿಯಿತು. ಅವನ ಮುಂಗಾಲಿನ ಮುಂದೆ ಜೊಂಡಿತ್ತು, ಜೊಂಡಿನ ಬುಡದಲ್ಲಿ ಗುಳ್ಳೆ ಏಳುತ್ತಿತ್ತು. ತಿರುಗಿ ನೋಡಿದ. ಇಬ್ಬನಿಯ ಮೇಲೆ ಅವನ ಹೆಜ್ಜೆಗಳು ನೇರ ಬಂದು, ಒಂದು ಕಡೆ ಮಾತ್ರ ಬಳಸಿ ಹೋಗಿದ್ದವು. ಆ ಬಳಸಿನೊಳಗೆ ಕೆಂಚಕ್ಕ ಮೊಟ್ಟೆಗಳ ಮೇಲೆ ಕೂತಿದ್ದಳು.

"ನೀನು ಯಾವಾಗ ಹೋಗಿ ಕೂತೆ, ಕೆಂಚಕ್ಕ?"

"ನಾನು ಏಳಲೇ ಇಲ್ಲವೋ. ಬೆಳಗಿನ ಜಾವದಿಂದ ಮರಿಗಳು ಒಳಗಿನಿಂದ ಬಡಿಯುತ್ತಿವೆ."

"ಹಾಗಾದರೆ ಕೂದಲು ಹಿಡಿದವರು ಯಾರು?"

ಕೂದಲು ಅವನ ತುಟಿಯಿಂದ ಜೋತಾಡುತ್ತಿತ್ತು. ಆಚೆ ತುದಿಯಲ್ಲಿ ಯಾರೂ ಇರಲಿಲ್ಲ.

"ಕೂದಲು ಯಾರದು?" ಎಂದಳು ಕೆಂಚಕ್ಕ.

"ನನ್ನದೇ."

"ಮತ್ತೆ ನನ್ನನ್ನೇನು ಕೇಳುತ್ತೀ?" ಎಂದವಳು ದನಿ ತಗ್ಗಿಸಿದಳು. "ಅವರೂ ನಿಂತರು, ಕೇಳಿಸಿತಾ? ಇಷ್ಟು ವರ್ಷದಲ್ಲಿ ನಿಂತದ್ದು ಇದೇ ಮೊದಲು. ಪಾಪ, ಮುಂದಿರುವವನು ನಿಂತದ್ದನ್ನು ಅವರು ನೋಡಿಯೇ ಇರಲಿಲ್ಲ."

ಅಷ್ಟರಲ್ಲಿ ಅವಳ ಹೊಟ್ಟೆಯ ಕೆಳಗಿನಿಂದ ಒಂದು ಒದ್ದೆ ತಲೆ ಹೊರಗೆ ಇಣುಕಿತು.

ಮಂಜು ಬಿದ್ದ ಬೆಳಿಗ್ಗೆ ಆ ಬಯಲಿನಲ್ಲಿ ಗೊರಸಿನ ಸದ್ದು ಈಗಲೂ ಕೇಳುತ್ತದೆ. ಆದರೆ ಓಟವಲ್ಲ, ನಡಿಗೆ. ಕೆಂಚಕ್ಕ ಮೊಟ್ಟೆಯಿಡುವ ಜಾಗದ ಹತ್ತಿರ ಬಂದಾಗ ಅದು ಎಡಕ್ಕೆ ಬಳಸಿ ಹೋಗುತ್ತದೆ. ಕಾಡಿನವರು ಈಗಲೂ ಚಳಿಯ ಬಗ್ಗೆಯೇ ಮಾತಾಡುತ್ತಾರೆ.

ನೀತಿ: ನಿಲ್ಲಲು ಬಾರದವನ ಓಟ ಅವನದಲ್ಲ, ಅವನ ಮುಂದೆ ಓಡುತ್ತಿರುವವರದು.