ಸಂದಿ ಕೇಸು ಹುಡುಕಿದ ತಿಪ್ಪೇಶಿ

ನಗು ಬಂದರೆ ಇಲ್ಲೇ ನಕ್ಕುಬಿಡಿ, ತಿಪ್ಪೇಶಿಯ ಎದುರು ನಗಬೇಡಿ. ಯಾಕೆ ನಕ್ಕಿರಿ ಅಂತ ಕೇಳುತ್ತಾನೆ. ಅವನಿಗೆ ಅದನ್ನು ತಿಳಿಸಿ ಮುಗಿಸಿದವರು ಇನ್ನೂ ಯಾರೂ ಇಲ್ಲ.

ಒಂದು ತಾಲ್ಲೂಕು ಊರು. ಅಲ್ಲಿ ಸರ್ವಮಂಗಳಮ್ಮ ಅಂತ ಒಬ್ಬ ತಾಯಿ. ಬಿ.ಎ. ಓದಿದವರು. ಆ ಬೀದಿಯಲ್ಲಿ ಅವರಿಗಿಂತ ಮೊದಲು ಯಾವ ಹೆಂಗಸೂ ಬಿ.ಎ. ಮಾಡಿರಲಿಲ್ಲ, ಆಮೇಲೆ ಮಾಡಿದವರನ್ನು ಅವರು ಗಣನೆಗೆ ತೆಗೆದುಕೊಂಡಿರಲಿಲ್ಲ. ಮನೆಯಲ್ಲಿ ಎಲ್ಲಕ್ಕೂ ಒಂದೊಂದು ರಿಜಿಸ್ಟರು. ನಲ್ಲಿಯಲ್ಲಿ ನೀರು ಬಂದ ದಿನಕ್ಕೊಂದು, ಗ್ಯಾಸ್ ಸಿಲಿಂಡರು ಬಂದ ದಿನಕ್ಕೊಂದು, ಮದುವೆಗೆ ಯಾರು ಕರೆದರು ಯಾರು ಕರೆಯಲಿಲ್ಲ ಅನ್ನುವುದಕ್ಕೊಂದು. ಇಂಥ ತಾಯಿಗೆ ಒಬ್ಬನೇ ಮಗ ತಿಪ್ಪೇಶಿ. ಇಪ್ಪತ್ತಾರು ವರ್ಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ.

ಮನೆಯ ಪಕ್ಕ ನಾಲ್ಕಡಿ ಸಂದಿ. ಬೀದಿಯಿಂದ ಹಿತ್ತಲಿಗೆ ಹೋಗಲು ಅದೊಂದೇ ದಾರಿ. ಪಕ್ಕದ ಮನೆ ಓಂಕಾರಪ್ಪ ಒಂದು ದಿನ ಅದಕ್ಕೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ಕೇಳಿದರೆ "ಸಂದಿ ನಂದು" ಅಂದ. ಸರ್ವಮಂಗಳಮ್ಮ ಕೋರ್ಟಿಗೆ ಹೋದರು. ವರ್ಷಗಳು ಉರುಳಿದವು. ಈಗ ಅವರು ಸಾಕ್ಷಿ ಹೇಳುವ ದಿನ ಹತ್ತಿರ ಬಂದಿತ್ತು. ಆ ದಿನ ತಪ್ಪಿದರೆ ಕೇಸು ಹೋಯಿತು, ಕೇಸಿನ ಹಿಂದೆ ಸಂದಿಯೂ ಹೋಯಿತು.

ದಿನ ಯಾವುದು? ವಕೀಲರಿಗೆ ಫೋನು ಮಾಡಿದರೆ, "ಎಲ್ಲ ಕೋರ್ಟಿನ ವೆಬ್‌ಸೈಟಿನಲ್ಲೇ ಇರುತ್ತಲ್ಲಮ್ಮ, ಓದಿದವರು ನೀವು, ನೋಡಿಕೊಳ್ಳಿ" ಅಂದರು. ನೋಡಲು ಕಣ್ಣು ಬೇಕಲ್ಲ. ಸರ್ವಮಂಗಳಮ್ಮನವರಿಗೆ ಆಗಷ್ಟೇ ಪೊರೆ ಆಪರೇಷನ್ ಆಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಒಳಮನೆಯಲ್ಲಿ ಕೂತಿದ್ದರು. ಒಂದು ತಿಂಗಳು ಫೋನು ನೋಡಬಾರದು, ಧೂಳಿಗೆ ಹೋಗಬಾರದು ಅಂತ ಡಾಕ್ಟರ ಅಪ್ಪಣೆ. ಊರಿಗೆ ಹೊಸ ಕೋರ್ಟು ಬಂದ ಮೇಲೆ ಕೇಸಿನ ನಂಬರು ಬೇರೆ ಬದಲಾಗಿತ್ತು. ಅವರು ಕೆಂಪು ಶಾಯಿಯಲ್ಲಿ ಬರೆದಿಟ್ಟ ಹಳೇ ನಂಬರು ಚೆಂದ ನೋಡಲಿಕ್ಕಷ್ಟೇ ಆಯಿತು. ಇನ್ನು ಹೆಸರು ಹಾಕಿಯೇ ಹುಡುಕಬೇಕು.

ಮಗನನ್ನು ಕರೆದರು. "ನೋಡೋ, ಮೊದಲು ರಾಜ್ಯ ಕೇಳುತ್ತೆ, ಆಮೇಲೆ ಜಿಲ್ಲೆ, ಆಮೇಲೆ ಕೋರ್ಟು. ಅದಾದ ಮೇಲೆ ಹೆಸರು. ನನ್ನ ಹೆಸರನ್ನ ದಾವೆಯ ಕಾಗದದಲ್ಲಿ ಹೇಗಿದೆಯೋ ಹಾಗೇ ಹಾಕು. ಒಂದಕ್ಷರ ಹೆಚ್ಚೂ ಬೇಡ, ಕಮ್ಮಿಯೂ ಬೇಡ."

ತಿಪ್ಪೇಶಿ ಜಗಲಿಗೆ ಹೋದ. ಸಿಗ್ನಲ್ ಬರುತ್ತಿದ್ದದ್ದು ಅಲ್ಲೇ. ದಾವೆಯ ಕಾಗದ ತೊಡೆಯ ಮೇಲಿಟ್ಟುಕೊಂಡು, ಹೆಸರಿನ ಜಾಗದಲ್ಲಿ ಬೆರಳಿಟ್ಟು ಒತ್ತಿದ: ಶ್ರೀಮತಿ ಸರ್ವಮಂಗಳಮ್ಮ, ಬಿ.ಎ., ಕೋಂ ಲೇಟ್ ರುದ್ರಮುನಿಯಪ್ಪ, ಸುಮಾರು ಅರವತ್ತೊಂದು ವರ್ಷ, ಮನೆಗೆಲಸ, ವಾಸ ಹಳೇಸಂತೆ ಬೀದಿ, ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿತ್ತಲು. ಸಂಜೆಗೆ ಎದ್ದು ಬಂದ.

"ಅಮ್ಮ, ನೀನು ಕೋರ್ಟಿನಲ್ಲಿ ಇಲ್ಲವಂತೆ."

"ಇಲ್ಲ ಅಂದರೆ?"

"ಇಂಥವರು ಯಾರೂ ಇಲ್ಲ ಅಂತ ಬಂತು. ಪಶ್ಚಿಮಕ್ಕೆ ಹಿತ್ತಲು ಅಂತಲೂ ಹಾಕಿದ್ದೆ."

ಬಿ.ಎ. ಹಾಕಿಯೂ ಇಲ್ಲ ಅಂತ ಬಂದದ್ದಕ್ಕೆ ಸರ್ವಮಂಗಳಮ್ಮನವರಿಗೆ ಹೆಚ್ಚು ನೋವಾಯಿತು. "ಅಯ್ಯೋ ಮಂಕೇ, ಅಷ್ಟುದ್ದ ಯಾರು ಹಾಕ್ತಾರೋ? ಮೊದಲ ಮೂರಕ್ಷರ ಹಾಕಿದರೆ ಸಾಕು. ಉಳಿದದ್ದು ಅದಕ್ಕೇ ಗೊತ್ತಾಗುತ್ತೆ."

"ಮೂರೇ ಸಾಕಾ?"

"ಮೂರೇ."

ಮಾರನೇ ದಿನ ತಿಪ್ಪೇಶಿ ಜಗಲಿಯಲ್ಲಿ ಕೂತ. ಹೆಸರಿಗೆ ಇಂಗ್ಲಿಷಿನಲ್ಲಿ ಮೂರಕ್ಷರ ಹಾಕಿದ, ಸರಿಹೋಯಿತು. ಕೇಸು ಹಾಕಿದ ಇಸವಿ ಎರಡು ಸಾವಿರದ ಹತ್ತೊಂಬತ್ತು. ಅದಕ್ಕೂ ಮೊದಲ ಮೂರೇ ಅಂಕಿ. ಕೆಳಗೆ ಒಂದು ಚೌಕದಲ್ಲಿ ಸೊಟ್ಟಸೊಟ್ಟಗೆ ಆರಕ್ಷರ ಇತ್ತು, ನೋಡಿ ಬರೆಯಿರಿ ಅಂತ. ಅದಕ್ಕೂ ಮೂರೇ. ಊಟದ ಹೊತ್ತಿಗೆ ಬಂದ.

"ಅಮ್ಮ, ಅದಕ್ಕೆ ಏನೂ ಗೊತ್ತಿಲ್ಲ. ಮೂರು ಹಾಕ್ತೀನಿ, ತಪ್ಪು ಅನ್ನುತ್ತೆ."

"ಇಸವಿ ಎಷ್ಟು ಹಾಕಿದೆ?"

"ಇನ್ನೂರ ಒಂದು."

"ಇನ್ನೂರ ಒಂದನೇ ಇಸವೀಲಿ ನಿಮ್ಮಜ್ಜನ ಅಜ್ಜನೂ ಹುಟ್ಟಿರಲಿಲ್ಲ ಕಣೋ, ಓಂಕಾರಪ್ಪ ಗೇಟು ಹಾಕ್ತಾನಾ?"

"ನೀನೇ ಹೇಳಿದ್ದಲ್ಲಮ್ಮ, ಮೂರು ಅಂತ."

ಅವರು ಹಣೆ ಹಣೆ ಬಡಿದುಕೊಳ್ಳಲು ಹೋಗಿ, ಕಣ್ಣಿನ ನೆನಪಾಗಿ ತೊಡೆ ಬಡಿದುಕೊಂಡರು. "ಹೆಸರಿಗೆ ಮಾತ್ರ ಮೂರು. ಮಿಕ್ಕದ್ದೆಲ್ಲ ಪೂರ್ತಿ. ಕಣ್ಣಿಗೆ ಕಂಡದ್ದನ್ನ ಒಂದೂ ಬಿಡದೆ ಬರಿ. ಆ ಸೊಟ್ಟ ಅಕ್ಷರ ಹಿಡಿಸಲಿಲ್ಲ ಅಂದರೆ ಪಕ್ಕದಲ್ಲಿ ಒಂದು ದುಂಡನೆ ಬಾಣ ಇರುತ್ತೆ, ಒತ್ತು. ಬೇರೆ ಬರುತ್ತೆ."

ಈ ಸಲ ಬಾಗಿಲು ತೆರೆಯಿತು. ಆ ಮೂರಕ್ಷರದಿಂದ ಶುರುವಾಗುವ ಹೆಸರಿನವರೆಲ್ಲ ಸಾಲಾಗಿ ನಿಂತರು. ಸರೋಜಮ್ಮ, ಸರಸ್ವತಿ, ಸರ್ದಾರ್ ಸಾಬಿ, ಇನ್ನೊಬ್ಬ ಸರೋಜಮ್ಮ. ಒಟ್ಟು ನೂರ ಹನ್ನೆರಡು ಕೇಸು. ಒಂದೂ ಬಿಡಬಾರದು ಅಂದಿದ್ದರಲ್ಲ, ತಿಪ್ಪೇಶಿ ಕೈಗೆ ಸಿಕ್ಕಿದ ರಿಜಿಸ್ಟರು ತೆಗೆದುಕೊಂಡು ನೂರ ಹನ್ನೆರಡನ್ನೂ ಬರೆದ. ಅದು ಮದುವೆಗೆ ಕರೆದವರ ರಿಜಿಸ್ಟರು. ವಿಚ್ಛೇದನದ ಕೇಸುಗಳು ಅದರಲ್ಲಿ ಚೆನ್ನಾಗಿ ಹೊಂದಿಕೊಂಡವು.

ತಾಯಿಯ ಮುಂದೆ ಕೂತು ಓದತೊಡಗಿದ.

"ತಡಿ, ತಡಿ. ಯಾವ ಸರೋಜಮ್ಮ? ಮೂಲೆ ಮನೆಯವಳಾ?"

"ಗೊತ್ತಿಲ್ಲಮ್ಮ. ಎದುರುಪಾರ್ಟಿ ಪುಷ್ಪಲತಾ ಅಂತಿದೆ."

"ಸೊಸೆ ಕಣೋ. ನನಗೆ ಆವತ್ತೇ ಅನ್ನಿಸಿತ್ತು. ಮುಂದಕ್ಕೆ ಓದು."

ಮುಂದಕ್ಕೆ ಓದಿದ. ನೂರ ಹನ್ನೆರಡನೆಯದು ಮುಗಿಯುವ ತನಕ ಅವರು ಒಂದು ಸಲವೂ ಸಾಕು ಅನ್ನಲಿಲ್ಲ. ಮುಗಿದ ಮೇಲೆ ಬೈದರು. "ನಾಚಿಕೆ ಇಲ್ಲವೇನೋ ನಿನಗೆ? ಕಂಡೋರ ಮನೆ ಜಗಳ ನಮಗ್ಯಾಕೆ? ಅದೂ ನನ್ನ ರಿಜಿಸ್ಟರಿನಲ್ಲಿ. ನಮ್ಮ ಕೇಸಿನ ಎದುರಿಗೆ ಮುಂದಿನ ದಿನಾಂಕ ಅಂತ ಇರುತ್ತೆ. ಅದೊಂದನ್ನೇ ನೋಡಿಕೊಂಡು ಬಾ."

ಅದೊಂದನ್ನೇ ನೋಡಿಕೊಂಡು ಬಂದ. "ಹದಿನಾಲ್ಕನೇ ತಾರೀಖು, ಮಂಗಳವಾರ."

ಸರ್ವಮಂಗಳಮ್ಮ ಬೆರಳು ಮಡಿಚಿ ಎಣಿಸಿದರು. ಕಣ್ಣಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಸಾಲದ್ದಕ್ಕೆ ಅಮಾವಾಸ್ಯೆ. ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಬಾಯಿ ತಪ್ಪಿ, "ಯಾಕೋ ಈ ದಿನ ನನಗೆ ಹಿಡಿಸಲಿಲ್ಲ" ಅಂದರು.

ತಿಪ್ಪೇಶಿ ಮೆಲ್ಲಗೆ ಎದ್ದು ಹೋದ. ಮಧ್ಯಾಹ್ನವಾಯಿತು, ಬರಲಿಲ್ಲ. ಸಂಜೆಯಾಯಿತು, ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬೆರಳು ನೀವಿಕೊಳ್ಳುತ್ತ ಒಳಗೆ ಬಂದ.

"ಬದಲಾಗ್ತಾ ಇಲ್ಲಮ್ಮ. ನಾಲ್ಕುನೂರು ಸಲ ಒತ್ತಿದೆ. ಹದಿನಾಲ್ಕು ಅಂದರೆ ಹದಿನಾಲ್ಕೇ ಅನ್ನುತ್ತೆ."

"ಏನನ್ನೋ ಒತ್ತಿದೆ?"

"ದುಂಡನೆ ಬಾಣ. ಹಿಡಿಸದಿದ್ದರೆ ಒತ್ತು, ಬೇರೆ ಬರುತ್ತೆ ಅಂದಿದ್ದೆಯಲ್ಲ. ನೀನು ಹೇಳಿದ ಹಾಗೇ ಮಾಡಿದೆ."

"ಲೋ ಕೋಣ, ಅದೇನು ಸೀರೆ ಅಂಗಡಿಯೇನೋ, ಇದು ಬೇಡ ಇನ್ನೊಂದು ತೆಗಿ ಅನ್ನೋಕೆ? ಕೋರ್ಟು ಕಣೋ. ಕೋರ್ಟು ಕೊಟ್ಟದ್ದನ್ನ ಬೇಡ ಅನ್ನಬಾರದು. ಎರಡೂ ಕೈ ಮುಗಿದು, ಆಗಲಿ ಸ್ವಾಮಿ ಅಂತ ತಗೋಬೇಕು. ತಿಳೀತಾ?"

"ತಿಳೀತಮ್ಮ."

ಹದಿನಾಲ್ಕನೇ ತಾರೀಖು ಬಂತು. ವಕೀಲರಿಗೆ ಅವತ್ತೇ ಬೇರೆ ಊರಿನಲ್ಲಿ ಕೇಸು. "ಡಾಕ್ಟರ ಸರ್ಟಿಫಿಕೇಟು ಕೊಟ್ಟು ಮಗನನ್ನ ಕಳಿಸಿ. ಕೂಗಿದಾಗ ಎದ್ದು ಕೊಟ್ಟರಾಯಿತು, ಬೇರೆ ದಿನ ಹಾಕ್ತಾರೆ" ಅಂದರು. ಸರ್ವಮಂಗಳಮ್ಮ ಸರ್ಟಿಫಿಕೇಟನ್ನು ನಾಲ್ಕು ಮಡಿಕೆ ಮಾಡಿ ತಿಪ್ಪೇಶಿಯ ಅಂಗಿಯ ಜೇಬಿಗೆ ತಾವೇ ಇಟ್ಟರು. "ಇದನ್ನ ಕೈಯಿಂದ ಅವರ ಕೈಗೆ ಕೊಡು. ಉಳಿದದ್ದು ನಿನ್ನೆ ಮೊನ್ನೆ ಹೇಳಿದೀನಲ್ಲ, ನೆನಪಿದೆ ತಾನೇ?"

"ಎಲ್ಲ ನೆನಪಿದೆ."

ನೆನಪಿದ್ದದ್ದೇ ಬಂತು ಕೇಡು. ಜವಾನ ಹೊರಗೆ ಬಂದು ಹೆಸರು ಕೂಗಿದ. ತಿಪ್ಪೇಶಿ ಒಳಗೆ ಹೋಗಿ, ನ್ಯಾಯಾಧೀಶರ ಮುಂದೆ ಎರಡೂ ಕೈ ಮುಗಿದು ನಿಂತ. ಓಂಕಾರಪ್ಪನ ವಕೀಲ, "ವಾದಿ ಇವತ್ತೂ ಬಂದಿಲ್ಲ ಸ್ವಾಮಿ" ಅಂದ.

"ಯಾಕೆ ಬಂದಿಲ್ಲ? ಏನಾದರೂ ಕೊಡುವುದಿದೆಯಾ?" ಅಂತ ನ್ಯಾಯಾಧೀಶರು ಕೇಳಿದರು.

ತಿಪ್ಪೇಶಿ ಜೇಬು ನೋಡಿದ. ಕೈ ನೋಡಿದ. ಮುಗಿದ ಕೈ ಬಿಡಿಸಲಿಲ್ಲ.

"ಏನಪ್ಪ, ಹೇಳುವುದೇನೂ ಇಲ್ಲವಾ? ಹಾಗಾದರೆ ವಜಾ ಮಾಡಬೇಕಾಗುತ್ತೆ."

"ಆಗಲಿ ಸ್ವಾಮಿ" ಅಂದ ತಿಪ್ಪೇಶಿ.

ಮನೆಗೆ ಬಂದವನು ನೇರವಾಗಿ ಜಗಲಿಯಲ್ಲಿ ಕೂತು ಫೋನು ತೆಗೆದ. ಹೆಸರಿಗೆ ಮೂರಕ್ಷರ, ಇಸವಿ ಪೂರ್ತಿ, ಸೊಟ್ಟ ಅಕ್ಷರ ಆರೂ. ಬೇರೆಯವರ ಕೇಸಿನ ಕಡೆ ಕಣ್ಣೂ ಹಾಯಿಸಲಿಲ್ಲ. ಬಾಣ ಮುಟ್ಟಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಎಲ್ಲವೂ ಸರಿಯಾಗಿ ಬಂತು. ಹಿಗ್ಗಿಹೋದ.

"ಅಮ್ಮ, ಒಂದೇ ಸಲಕ್ಕೆ ಸಿಕ್ಕಿತು. ಕೇಸು ವಿಲೇವಾರಿ ಅಂತ ಬಂದಿದೆ. ಮುಂದಿನ ದಿನಾಂಕದ ಜಾಗ ಖಾಲಿ. ಇನ್ನು ಹುಡುಕೋ ತಾಪತ್ರಯವೇ ಇಲ್ಲ."

ಸರ್ವಮಂಗಳಮ್ಮ ಅವನ ಜೇಬಿನ ಕಡೆ ಕೈ ಚಾಚಿದರು. "ಸರ್ಟಿಫಿಕೇಟು?"

"ಜೇಬಿನಲ್ಲಿದೆ. ಎರಡೂ ಕೈ ಮುಗಿದಿದ್ದೆ, ತೆಗೆಯೋದು ಹೇಗಮ್ಮ?"

"ಹೋಗೋ" ಅಂದರು ಅವರು. "ಹೋಗಿ ಆ ಓಂಕಾರಪ್ಪನ ಗೇಟಿಗೆ ತಲೆ ಚಚ್ಚಿಕೋ."

"ಎಷ್ಟು ಸಲ?"

"ನೂರೊಂದು ಸಲ."

ತಿಪ್ಪೇಶಿ ತಲೆಗೆ ಟವೆಲು ಸುತ್ತಿಕೊಂಡು ಸಂದಿಗೆ ಹೋದ. ಒಂದು, ಎರಡು, ಮೂರು, ಜೋರಾಗಿ ಎಣಿಸುತ್ತ ಚಚ್ಚಿಕೊಂಡ. ಬೀದಿಯವರೆಲ್ಲ ಬಂದು ನಿಂತರು, ಮೂಲೆ ಮನೆ ಸರೋಜಮ್ಮನೂ ಬಂದರು. ಓಂಕಾರಪ್ಪ ಅಗ್ಗಕ್ಕೆ ಸಿಕ್ಕಿದ ಗಾರೆಯವನಿಂದ ಗೇಟು ನಿಲ್ಲಿಸಿದ್ದ. ಮೂವತ್ತೊಂದನೆಯದಕ್ಕೆ ಗೇಟು ಕಂಬ ಸಮೇತ ಒಳಗಡೆ ಮಲಗಿತು.

ಸರ್ವಮಂಗಳಮ್ಮ ಕಪ್ಪು ಕನ್ನಡಕದಲ್ಲೇ ಹೊರಗೆ ಬಂದರು. ಗೇಟು ದಾಟಿಕೊಂಡು, ಎಷ್ಟೋ ವರ್ಷಗಳ ಮೇಲೆ ಆ ಸಂದಿಯಿಂದ ಹಿತ್ತಲಿಗೆ ನಡೆದುಹೋದರು. ಮಗನಿಗೆ ಅವತ್ತು ಒಂದು ಮಾತೂ ಬೈಯಲಿಲ್ಲ. ಅದೊಂದು ರಿಜಿಸ್ಟರಿನಲ್ಲಿ ಬರೆದಿಡಬೇಕಾದ ದಿನ.

ಓಂಕಾರಪ್ಪ ಬಿಡುತ್ತಾನೆಯೇ? ತಿಪ್ಪೇಶಿಯ ಮೇಲೆ ಕೇಸು ಹಾಕಿದ. ಗೇಟನ್ನು ಮತ್ತೆ ನಿಲ್ಲಿಸಲು ಅಪ್ಪಣೆಯಾಗಬೇಕು ಅಂತ ಕೇಳಿಕೊಂಡ. ಈ ಸಲ ಸರ್ವಮಂಗಳಮ್ಮ ಹೊಸ ಕನ್ನಡಕ ಹಾಕಿಕೊಂಡು ದಿನಾಂಕವನ್ನು ತಾವೇ ಹುಡುಕಿದರು, ತಾವೇ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಮಗನಿಗೆ ದಾರಿಯುದ್ದಕ್ಕೂ ಒಂದೇ ಒಂದು ಮಾತು ಹೇಳಿದ್ದರು: "ಅವರು ಕೇಳಿದ್ದಕ್ಕೆ ಇದ್ದದ್ದನ್ನ ಇದ್ದ ಹಾಗೆ ಹೇಳು."

ನ್ಯಾಯಾಧೀಶರು ಕೇಳಿದರು. "ನೋಡಪ್ಪ, ಇವರು ಅಲ್ಲಿ ಮತ್ತೆ ಗೇಟು ನಿಲ್ಲಿಸಬೇಕು ಅಂತಾರೆ. ನಿನ್ನದೇನಾದರೂ ತಕರಾರಿದೆಯಾ?"

ಹಿಂದಿನ ಬೆಂಚಿನಲ್ಲಿ ಸರ್ವಮಂಗಳಮ್ಮ ಹೊಸ ಕನ್ನಡಕ ಸರಿಮಾಡಿಕೊಂಡರು.

"ತಕರಾರು ಏನಿಲ್ಲ ಸ್ವಾಮಿ" ಅಂದ ತಿಪ್ಪೇಶಿ. "ಬೇಗ ನಿಲ್ಲಿಸೋಕೆ ಹೇಳಿ. ನಮ್ಮಮ್ಮ ಹೇಳಿದ್ದರಲ್ಲಿ ನನಗೆ ಇನ್ನೂ ಎಪ್ಪತ್ತು ಬಾಕಿ ಇದೆ."