ಎಲ್ಲ ಸರಿ ಎಂಬ ಬೀಪ್

ಕರೆಂಟು ಬಂದ ಕೂಡಲೇ ಪ್ರತಿಯೊಬ್ಬರೂ ತಮ್ಮ ಆರೋಗ್ಯದ ಬಗ್ಗೆ ನಿಜ ಹೇಳಬೇಕು, ಆಮೇಲಷ್ಟೇ ಕೆಲಸ. ಆ ಹಳೆಯ ಕಂಪ್ಯೂಟರಿನೊಳಗೆ ಇದ್ದದ್ದು ಇದೊಂದೇ ನಿಯಮ. ಅದನ್ನೂ ಎಲ್ಲರೂ ಮುರಿದಿದ್ದರು.

ಹೊಸ ಆಪರೇಟಿಂಗ್ ಸಿಸ್ಟಮ್ ಹೊತ್ತು ತಂದ ಪೆನ್‌ಡ್ರೈವಿನ ಕೆಲಸ ಎರಡು ಸಲ ಅರ್ಧಕ್ಕೇ ನಿಂತಿತ್ತು. "ಇನ್ನೊಂದು ಸಲ ನಿಂತರೆ ಈ ಪೆನ್‌ಡ್ರೈವ್ ಕಸಕ್ಕೆ!" ಎಂದು ರಿಪೇರಿಯ ಜಯಶೀಲ ಗುಡುಗಿದ್ದ.

"ತಪ್ಪು ನನ್ನದಲ್ಲ ಸ್ವಾಮಿ! ನಾನು ಕೊಟ್ಟದ್ದನ್ನೆಲ್ಲ ಈ ಮೆಮೊರಿ ಮರೆಯುತ್ತಿದೆ," ಎಂದಿತು ಪೆನ್‌ಡ್ರೈವ್.

"ನಿನ್ನೆ ಬಂದವನು ನೀನು, ನನಗೇ ಮರೆವು ಅಂತೀಯಾ?" ಮೆಮೊರಿ ಸಿಡುಕಿತು.

"ಹೋಗ್ಲಿ ಬಿಡಯ್ಯ, ಸ್ವಲ್ಪ ಅಡ್ಜಸ್ಟ್ ಮಾಡ್ಕೊ," ಎಂದು ಹಾರ್ಡ್‌ಡಿಸ್ಕ್ ಪೆನ್‌ಡ್ರೈವಿಗೇ ಗೊರಗುಟ್ಟಿತು.

ಮೂಲೆಯ ಪುಟ್ಟ ಸ್ಪೀಕರಿಗೆ ಮೈಯೆಲ್ಲ ಉರಿಯಿತು. ಎಲ್ಲ ಸರಿಯಿದ್ದರೆ ಒಂದು ಬೀಪ್, ಮೆಮೊರಿ ಕೆಟ್ಟಿದ್ದರೆ ಮೂರು ಬೀಪ್ ಕೂಗುವುದು ಅದರ ಕೆಲಸ. ಎರಡು ಸಲವೂ ಅದು ಹಿರಿಯರ ಮುಲಾಜಿಗೆ ಬಿದ್ದು ಒಂದೇ ಕೂಗಿತ್ತು.

ಜಯಶೀಲ ಮತ್ತೆ ಸ್ವಿಚ್ ಒತ್ತಿದ.

"ಒಂದೇ ಬೀಪ್, ತಿಳೀತಾ? ಇದು ನಮ್ಮೆಲ್ಲರ ಮರ್ಯಾದೆ ಪ್ರಶ್ನೆ," ಎಂದು ಮದರ್‌ಬೋರ್ಡ್ ಗದರಿತು.

"ನಿಮ್ಮ ಮರ್ಯಾದೆಗೆ ಆ ಪೆನ್‌ಡ್ರೈವ್ ಕಸದ ಬುಟ್ಟಿಗೆ ಹೋಗಬೇಕಾ? ನನ್ನ ಕೈಲಾಗಲ್ಲ!" ಎಂದ ಸ್ಪೀಕರ್, ಕೋಣೆಗೆಲ್ಲ ಕೇಳುವಂತೆ ಮೂರು ಸಲ ಕೂಗಿತು.